ಗಂಡನಿಗೆ ಎ, ಹೆಂಡತಿಗೆ ಬಿ

"ಮೊದಲು ಅವಳನ್ನು ನೇಣಿಗೆ ಹಾಕಬೇಕು. ಗಂಡನದ್ದು ಆಮೇಲೆ ನೋಡಿಕೊಂಡರಾಯಿತು" ಎಂದೆ.

"ಯಾಕೆ ಅಂಕಲ್, ಅವಳೇನು ಮಾಡಿದಳು?" ಧನ್ಯಾ ಕೈಯಲ್ಲಿದ್ದ ಬಟಾಣಿಯನ್ನು ಬುಟ್ಟಿಗೆ ಹಾಕಿ ನನ್ನ ಕಡೆ ತಿರುಗಿದಳು. "ಬಾಗಿಲ ಹತ್ತಿರ ನಿಂತಿರು ಅಂದ, ನಿಂತಳು. ಒಳಗೆ ಏನು ನಡೀತಿದೆ ಅಂತ ಅವಳಿಗೆ ಗೊತ್ತಿತ್ತು ಅಂತ ನೀವು ಹೇಗೆ ಹೇಳ್ತೀರಿ?"

"ಅವಳೇನು ಚೌಕೀದಾರಳಾ, ಸುಮ್ಮನೆ ಬಾಗಿಲಲ್ಲಿ ನಿಲ್ಲೋಕೆ? ಒಳಗೆ ಮಾವ ಮಲಗಿದ್ದಾನೆ. ಗಂಡ ಉರಿಯೋ ಕೆಂಡ ತಗೊಂಡು ಹೋಗಿ ಇಟ್ಟು, ಹೊರಗೆ ಬಂದು ಚಿಲಕ ಹಾಕ್ತಾನೆ. ಯಾಕೆ ಅಂತ ಒಂದು ಮಾತು ಕೇಳಲ್ಲ. ತಲೆಯಲ್ಲಿ ಸಗಣಿ ತುಂಬಿತ್ತಾ?"

"ಗಂಡ ಹೇಳಿದ್ದಕ್ಕೆಲ್ಲ ಯಾಕೆ ಅಂತ ಕೇಳ್ತಾ ಕೂತರೆ ಸಂಸಾರ ನಡೆಯುತ್ತಾ? ಆಂಟಿನ ಕೇಳಿ ನೋಡಿ. ನೀವು ಯಾವತ್ತಾದರೂ ಅವರಿಗೆ ಯಾಕೆ ಅಂತ ಕೇಳೋಕೆ ಬಿಟ್ಟಿದ್ದೀರಾ?"

"ನನ್ನನ್ನು ಮಧ್ಯಕ್ಕೆ ಎಳೀಬೇಡ ತಾಯಿ, ನಾನು ಚಹಾ ಸೋಸ್ತಿದ್ದೀನಿ" ಎಂದು ನನ್ನ ಹೆಂಡತಿ ಲೀಲಾವತಿ ಅಡುಗೆಮನೆಯಿಂದಲೇ ಕೂಗಿದಳು.

"ನಿನ್ನಂಥವರು ಹೀಗೆ ವಕಾಲತ್ತು ಮಾಡೋದರಿಂದಲೇ ಅಂಥವರು ಬದುಕೋದು" ಎಂದು ನಾನು ಧನ್ಯಾಳ ಮೇಲೆ ರೇಗಿದೆ. ಅವಳ ಮುಖ ಕೆಂಪಾಯಿತು. ಬೇರೆಯವರ ಮನೆಯ ಸೊಸೆಯ ಮೇಲೆ ಹೀಗೆ ಕೂಗಾಡಬಾರದು ಎಂದು ನನಗೂ ಗೊತ್ತು. ಆದರೆ ಟಿವಿಯಲ್ಲಿ ಆ ಮುದುಕನ ಹೆಣವನ್ನು ಚಾಪೆಯ ಮೇಲೆ ಇಳಿಸಿದ್ದನ್ನು ನೋಡಿ ನನ್ನ ಮೈ ಇನ್ನೂ ಉರಿಯುತ್ತಿತ್ತು.

ಜನವರಿಯ ಒಂದು ಭಾನುವಾರ ಮಧ್ಯಾಹ್ನ. ನಾನು ಒಂದು ಮಂತ್ರಾಲಯದಲ್ಲಿ ಕಾರು ಓಡಿಸುತ್ತಿದ್ದೆ. ಆರ್.ಕೆ.ಪುರಂನಲ್ಲಿ ನಮ್ಮ ಕ್ವಾರ್ಟರ್ಸ್. ನಾವಿದ್ದದ್ದು ಎರಡನೇ ಮಹಡಿಯಲ್ಲಿ, ಗುಂಡಣ್ಣನವರು ನಮ್ಮ ಕೆಳಗಿನ ಮನೆಯಲ್ಲಿ. ಅವರು ಬೇರೊಂದು ಆಫೀಸಿನಲ್ಲಿ ಕ್ಲರ್ಕ್. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಗ ಮನೋಜ್ ದೆಹಲಿಯಲ್ಲೇ ಹುಟ್ಟಿ ಬೆಳೆದವನು. ಎಲ್ಲೂ ನೆಲೆ ನಿಲ್ಲದೆ ಒಂದು ಕಾಲ್ ಸೆಂಟರ್ ಬಿಟ್ಟು ಇನ್ನೊಂದಕ್ಕೆ ಸೇರುವುದು, ಅದನ್ನೂ ಬಿಟ್ಟು ಮನೆಯಲ್ಲಿ ಕೂರುವುದು ಮಾಡುತ್ತಿದ್ದ. ಧನ್ಯಾ ತುಮಕೂರಿನ ಹುಡುಗಿ. ಮದುವೆಯಾಗಿ ಎರಡು ಚಳಿಗಾಲ ಕಳೆದಿದ್ದಳು ಅಷ್ಟೆ.

ಅವರ ಮನೆಯ ಟಿವಿಯಲ್ಲಿ ಎಲ್ಲರ ಮುಖವೂ ಹಸಿರಾಗಿ ಕಾಣುತ್ತಿತ್ತು. ಹಾಗಾಗಿ ಭಾನುವಾರ ಊಟವಾದ ಮೇಲೆ ಮೂವರೂ ನಮ್ಮ ಮನೆಗೆ ಬರುವುದು ರೂಢಿ. ಎದುರು ಬ್ಲಾಕಿನಿಂದ ದಕ್ಷಿಣಾಮೂರ್ತಿಯವರೂ ಬರುತ್ತಿದ್ದರು. ಅವರು ಸೆಕ್ಷನ್ ಆಫೀಸರ್. ನೇಮಕ, ಬಡ್ತಿ, ಪಿಂಚಣಿ ಎಲ್ಲದರ ರೂಲ್ಸೂ ಅವರ ಬಾಯಲ್ಲೇ ಇರುತ್ತಿತ್ತು. ಶುಕ್ರವಾರ ರಾತ್ರಿ ಬರುವ ಒಂದು ಹಿಂದಿ ಕ್ರೈಮ್ ಸೀರಿಯಲ್ಲನ್ನು ಭಾನುವಾರ ಮಧ್ಯಾಹ್ನ ಮತ್ತೆ ಹಾಕುತ್ತಿದ್ದರು. ಆ ತಿಂಗಳು ಪೂರ್ತಿ ಗಂಡ ಹೆಂಡತಿ ಸೇರಿ ಮಾಡಿದ ಕೊಲೆಗಳದ್ದೇ ಕಥೆ. ಹೆಂಗಸರು ಬಟಾಣಿ ಸುಲಿಯುತ್ತಾ, ಗಂಡಸರು ಕಡಲೆಕಾಯಿ ಬಿಡಿಸುತ್ತಾ, ಕೊಲೆ ನೋಡುತ್ತಾ ಕೂತಿರುತ್ತಿದ್ದೆವು.

ಆ ದಿನದ ಕಥೆ ಉತ್ತರ ಪ್ರದೇಶದ ಯಾವುದೋ ಊರಿನದು. ಸರ್ಕಾರಿ ಆಫೀಸಿನ ಗುಮಾಸ್ತ, ಇನ್ನೇನು ರಿಟೈರ್ ಆಗುವವನು. ಮಗನಿಗೆ ಕೆಲಸವಿಲ್ಲ. ಅಪ್ಪ ರಿಟೈರ್ ಆದರೆ ಬರುವುದು ಪಿಂಚಣಿ. ಅದಕ್ಕೆ ಮೊದಲೇ ಸತ್ತರೆ ಮಗನಿಗೆ ಅನುಕಂಪದ ಮೇಲೆ ನೌಕರಿ ಸಿಗಬಹುದು. ಚಳಿಯ ರಾತ್ರಿ ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಮಗ ಕೆಂಡ ತುಂಬಿದ ಅಂಗೀಠಿ ಒಲೆಯನ್ನು ಅಪ್ಪನ ಕೋಣೆಯಲ್ಲಿಟ್ಟು, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ, ಹೊರಗಿನಿಂದ ಚಿಲಕ ಹಾಕಿದ. ಹೊಗೆಗೆ ಮುದುಕ ಉಸಿರುಗಟ್ಟಿ ಸತ್ತ. ಬೆಳಿಗ್ಗೆ ಇಬ್ಬರೂ ಎದೆ ಬಡಿದುಕೊಂಡು ಅತ್ತರು. ಅದೇ ಕೋಣೆಯಿಂದ ಹೊರಗೆಳೆದ ಬಟ್ಟೆಯಲ್ಲಿ ಸೊಸೆ ಕಣ್ಣೊರೆಸಿಕೊಂಡಳು. ಅದನ್ನು ನೋಡಿ ಲೀಲಾವತಿ ಎದ್ದು ಒಳಗೆ ಹೋಗಿದ್ದಳು.

ಕೊನೆಗೆ ಕರಿ ಜಾಕೆಟ್ಟಿನ ನಿರೂಪಕ ಬಂದು ನಮ್ಮನ್ನೇ ಕೇಳಿದ. ಹೆಚ್ಚು ತಪ್ಪಿತಸ್ಥರು ಯಾರು? ಗಂಡನಾದರೆ ಎ, ಹೆಂಡತಿಯಾದರೆ ಬಿ, ಎಸ್ಎಂಎಸ್ ಮಾಡಿ. ಅಲ್ಲಿಂದಲೇ ಜಗಳ ಶುರುವಾದದ್ದು.

"ನಾನು ಬಿ ಒತ್ತಿ ಆಯ್ತು ಅಂಕಲ್" ಎಂದ ಮನೋಜ್. ಸೋಫಾದ ಕೈಯ ಮೇಲೆ ಕುಂಡಿ ಊರಿ, ಫೋನು ಹಿಡಿದು ಕೂತಿದ್ದ. "ಪ್ಲಾನು ಗಂಡಂದು. ಆದರೆ ಅವಳು ಬೇಡ ಅಂದಿದ್ದರೆ ಅವನ ಕೈಲಿ ಆಗ್ತಿರಲಿಲ್ಲ ನಾ. ಸಿಂಪಲ್."

"ನೋಡಿದೆಯಾ, ನಿನ್ನ ಗಂಡನೇ ನನ್ನ ಕಡೆ" ಎಂದೆ ಧನ್ಯಾಳಿಗೆ.

"ಅವರು ಯಾವಾಗ ನನ್ನ ಕಡೆ ಇದ್ದರು ಬಿಡಿ" ಎಂದಳು.

ದಕ್ಷಿಣಾಮೂರ್ತಿಯವರು ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಕೋಡುಬಳೆ ಅಗಿಯುತ್ತಿದ್ದರು. ಈಗ ಗಂಟಲು ಸರಿಮಾಡಿಕೊಂಡರು. "ಈ ಕಥೆ ಬರೆದವನಿಗೆ ರೂಲ್ಸೇ ಗೊತ್ತಿಲ್ಲ. ಅಪ್ಪ ಸತ್ತ ಅಂತ ಮಾರನೇ ದಿನ ಮಗನ ಕೈಗೆ ಆರ್ಡರ್ ಕೊಡ್ತಾರಾ? ಕಮಿಟಿ ಕೂರಬೇಕು. ಕೋಟಾ ಇದೆ. ನಮ್ಮ ಸೆಕ್ಷನ್ನಿನಲ್ಲೇ ಎಷ್ಟು ಕೇಸು ಕೊಳೀತಾ ಬಿದ್ದಿವೆ. ಆ ಮುದುಕನನ್ನು ಕೊಂದದ್ದು ಶುದ್ಧ ದಂಡ."

"ಸ್ವಾಮಿ, ಅಲ್ಲಿ ಹೆಣ ಬಿದ್ದಿದೆ. ನೀವು ಕೋಟಾ ಹೇಳ್ತಿದ್ದೀರಿ" ಎಂದೆ.

"ಇರೋದನ್ನ ಹೇಳಿದೆ ಕಣಯ್ಯಾ. ನೌಕರಿ ಸಿಗದ ಕೊಲೆಗೆ ಅರ್ಥವೇ ಇಲ್ಲ."

"ಸಿಗೋ ಹಾಗಿದ್ದರೆ ಅರ್ಥ ಇದೆಯಾ?" ಎಂದು ನಾನು ಎದ್ದೇ ಬಿಟ್ಟೆ. ಗುಂಡಣ್ಣನವರು ನನ್ನ ತೋಳು ಹಿಡಿದು ಕೂರಿಸಿದರು.

"ಬಿಡು ಬಸಣ್ಣ. ಯಮ ಬಂದು ನಿಂತರೂ ಇವರು ಥ್ರೂ ಪ್ರಾಪರ್ ಚಾನೆಲ್ ಬಾ ಅಂತ ವಾಪಸ್ ಕಳಿಸ್ತಾರೆ."

ಎಲ್ಲರೂ ನಕ್ಕೆವು. ದಕ್ಷಿಣಾಮೂರ್ತಿಯವರೂ ನಕ್ಕರು. ಗುಂಡಣ್ಣನವರು ಹಾಗೆಯೇ. ಕೋಣೆ ಬಿಸಿಯಾದರೆ ಒಂದು ಮಾತಿನಲ್ಲಿ ಆರಿಸುತ್ತಿದ್ದರು. ಹೋದ ವರ್ಷ ಎದೆಯ ಆಪರೇಷನ್ ಆದ ಮೇಲೆ ಮನುಷ್ಯ ಅರ್ಧಕ್ಕೆ ಇಳಿದಿದ್ದರು. ಕಂದು ಸ್ವೆಟರಿನೊಳಗೆ ಭುಜದ ಮೂಳೆ ಹ್ಯಾಂಗರಿನ ಹಾಗೆ ಕಾಣುತ್ತಿತ್ತು. ನಗು ಮಾತ್ರ ಹಳೆಯದೇ.

ಆ ನಗುವಿನಲ್ಲೇ ಮಗನ ಕಡೆ ತಿರುಗಿದರು. "ನಾನೂ ಜೂನ್‌ಗೆ ರಿಟೈರು. ಏನಪ್ಪಾ ಮನೋಜ, ಮಾಡೋದಾದರೆ ಬೇಗ ಮಾಡು. ಟೈಮ್ ಇಲ್ಲ."

"ಮಾವ, ಹಾಗೆಲ್ಲ ಆಡಬೇಡಿ" ಎಂದಳು ಧನ್ಯಾ. ಆದರೂ ಅವಳಿಗೆ ನಗು ತಡೆಯಲಾಗಲಿಲ್ಲ.

ಮನೋಜ್ ಕೂಡ ನಗುತ್ತಲೇ ಇದ್ದ. ಫೋನಿನಿಂದ ಕಣ್ಣೆತ್ತದೆ ಹೇಳಿದ: "ಅರೇ ಪಪ್ಪಾ, ಈಗ ಫಾಯ್ದಾ ಇಲ್ಲ. ಸರ್ವೀಸ್ ಜಾಸ್ತಿ ಉಳಿದಿದ್ದರೆ ಮಾತ್ರ ಕಮಿಟಿಯವರು ಸೀರಿಯಸ್ ಆಗಿ ತಗೋತಾರೆ. ನಿಮ್ಮ ಕೇಸಲ್ಲಿ ಹೋದ ವರ್ಷ ಆಗಿದ್ದರೆ ಚಾನ್ಸ್ ಇತ್ತು ಅಂದರು."

ಲೀಲಾವತಿ ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಲ್ಲೇ ನಿಂತಳು.

ಮಾತು ಬಾಯಿಂದ ಹೋದ ಮೇಲೆ ಮನೋಜ್‌ಗೂ ಕೇಳಿಸಿತೆಂದು ಕಾಣುತ್ತದೆ. ನಗು ಮುಖದ ಮೇಲೆಯೇ ಇತ್ತು, ಹೆಬ್ಬೆರಳು ಫೋನಿನ ಗುಂಡಿಯ ಮೇಲೆ ನಿಂತಿತ್ತು. ಟಿವಿಯಲ್ಲಿ ಯಾರೋ ಒಬ್ಬಳು ಸಾಬೂನಿನ ಗುಣ ಹೇಳುತ್ತಿದ್ದಳು. ನಾನು ರಿಮೋಟ್ ಎತ್ತಿ ಆರಿಸಿದೆ.

"ಯಾರು ಅಂದರು?" ಎಂದು ಕೇಳಿದೆ.

"ಕ್ಯಾ?"

"ಚಾನ್ಸ್ ಇತ್ತು ಅಂತ ಯಾರು ಅಂದರು?"

"ಐಸೇ ಹೀ ಅಂಕಲ್. ಜನರಲ್ ಆಗಿ. ಎಲ್ಲರಿಗೂ ಗೊತ್ತಿರೋದು."

"ನಿಮ್ಮ ಕೇಸಲ್ಲಿ ಅಂದೆ. ಅಪ್ಪನ ಕೇಸು ಯಾರ ಹತ್ತಿರ ಮಾತಾಡಿದೆ?"

ಅವನು ದಕ್ಷಿಣಾಮೂರ್ತಿಯವರ ಮುಖ ನೋಡಿದ. ಅವರು ತಮಗೆ ಸಂಬಂಧವಿಲ್ಲ ಎಂಬಂತೆ ಕೈ ಅಲ್ಲಾಡಿಸಿದರು. "ಪಪ್ಪಾ ಆಫೀಸಲ್ಲಿ" ಎಂದ ಕೊನೆಗೆ. "ಅಡ್ಮಿನ್ ಸೆಕ್ಷನ್ನಿನಲ್ಲಿ. ಬರೀ ಇನ್ಫರ್ಮೇಷನ್. ಕೇಳೋದರಲ್ಲಿ ಏನು ತಪ್ಪು?"

"ಕೇಳೋದರಲ್ಲಿ ತಪ್ಪಿಲ್ಲ ಬಸಣ್ಣ" ಎಂದು ದಕ್ಷಿಣಾಮೂರ್ತಿಯವರು ಸೇರಿಸಿದರು. ಪಾಪ, ಸಮಾಧಾನ ಮಾಡಲೆಂದೇ ಹೇಳಿದರು. ಆದರೆ ರೂಲ್ಸು ಬಾಯಿಗೆ ಬಂದ ಮೇಲೆ ಆ ಮನುಷ್ಯನಿಗೆ ನಿಲ್ಲಿಸಲು ಆಗುವುದಿಲ್ಲ. "ಆದರೆ ಮನೋಜ, ಅವರು ನಿನಗೆ ಸರಿಯಾಗಿ ಹೇಳಿಲ್ಲ. ಮದುವೆಯಾದ ಮಗನನ್ನು ಅವಲಂಬಿತ ಅಂತ ಒಪ್ಪೋಕೆ ತಕರಾರು ತೆಗೀತಾರೆ. ಮೊದಲ ಪ್ರಶ್ನೆಯೇ ಅದು. ಮದುವೆ ಆಗಿದೆಯಾ ಅಂತ ಕೇಳಲಿಲ್ಲವಾ?"

ಮನೋಜ್ ಫೋನನ್ನು ಜೇಬಿಗೆ ಹಾಕಿಕೊಂಡ.

ಧನ್ಯಾ ನಿಧಾನವಾಗಿ ಬಟಾಣಿಯ ಬುಟ್ಟಿಯನ್ನು ನೆಲಕ್ಕಿಟ್ಟಳು. "ಆವತ್ತಾ?" ಎಂದು ಗಂಡನನ್ನು ಕೇಳಿದಳು. "ನನ್ನನ್ನು ಗೇಟಲ್ಲಿ ನಿಲ್ಲಿಸಿ ಒಳಗೆ ಹೋದಿರಲ್ಲ, ಆವತ್ತಾ?"

"ಧನ್ಯಾ, ಘರ್ ಜಾಕೆ ಬಾತ್ ಕರ್ತೇ ಹೈಂ. ಮನೆಗೆ ಹೋಗಿ ಮಾತಾಡೋಣ."

"ಇಲ್ಲೇ ಹೇಳಿ. ಆಸ್ಪತ್ರೆ ಖರ್ಚಿಗೆ ಆಫೀಸಿಂದ ಪರ್ಮಿಷನ್ ತರಬೇಕು, ಬಾ ಅಂತ ಸ್ಕೂಟರಲ್ಲಿ ಕೂರಿಸಿಕೊಂಡು ಹೋದಿರಿ. ಗೇಟಿನ ಹತ್ತಿರ ಹೋದ ಮೇಲೆ, ಪಾಸು ಒಬ್ಬರಿಗೇ ಕೊಡೋದು, ನೀನು ಇಲ್ಲೇ ಇರು ಅಂದಿರಿ. ನಾನು ಬಿಸಿಲಲ್ಲಿ ನಿಂತಿದ್ದೆ. ಮಾವ ಉಳೀಲಿ ಅಂತ ಊರಿನ ದೇವರಿಗೆಲ್ಲ ಹರಕೆ ಹೊತ್ಕೊಂಡು ನಿಂತಿದ್ದೆ. ನೀವು ಒಳಗೆ ಹೋಗಿ ನನಗೆ ಮದುವೆನೇ ಆಗಿಲ್ಲ ಅಂದಿರಾ?"

"ಬರೀ ಒಂದು ಮಾತು ಅದು. ಕಾಗದದಲ್ಲಿ ಏನೂ ಬರೆದಿಲ್ಲ."

"ಅಂದಿರಾ, ಇಲ್ಲವಾ?"

"ಅಂದೆ. ಬಸ್."

ನನಗೆ ಆ ದಿನ ಚೆನ್ನಾಗಿ ನೆನಪಿತ್ತು. ಆಸ್ಪತ್ರೆಯಲ್ಲಿ ನಾನೂ ಇದ್ದೆ. ರಜೆ ಹಾಕಿ ಹೋಗಿದ್ದೆ. ಗುಂಡಣ್ಣನವರನ್ನು ಸ್ಟ್ರೆಚರಿನ ಮೇಲೆ ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋಗುವಾಗ ಅವರು ಮಗನ ಕೈ ಬಿಟ್ಟಿರಲಿಲ್ಲ. ನಾನು ಈ ಬಾಗಿಲ ಹತ್ತಿರಾನೇ ಇರ್ತೀನಿ ಪಪ್ಪಾ ಎಂದು ಅವನು ಹೇಳಿದ್ದ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ನನ್ನ ಹತ್ತಿರ ಬಂದು, ಅಂಕಲ್, ನೀವು ಇಲ್ಲಿ ಕೂತಿರಿ, ಪರ್ಮಿಷನ್ ಕೆಲಸ ಇದೆ, ಹೋಗಿ ಬಂದುಬಿಡ್ತೀವಿ ಎಂದ. ನಾನು ಯಾಕೆ, ಏನು ಎಂದು ಕೇಳಲಿಲ್ಲ. ಹೋಗಿ ಬಾ ಎಂದು ಬೆಂಚಿನ ಮೇಲೆ ಕೂತೆ. ಈಗಷ್ಟೇ ಯಾವುದೋ ಕಥೆಯ ಹೆಂಗಸನ್ನು ನೇಣಿಗೆ ಹಾಕಿ ಎಂದು ಅರಚಿದವನು ನಾನು. ನನ್ನನ್ನೂ ಒಂದು ಬಾಗಿಲಲ್ಲಿ ಕೂರಿಸಿ ಹೋಗಿದ್ದ.

"ಅಲ್ಲಯ್ಯಾ, ನಿಮ್ಮಪ್ಪನ ಎದೆ ಕೊಯ್ತಿದ್ದರು" ಎಂದೆ. "ಎದೆ ಕೊಯ್ತಿದ್ದಾಗ ನೀನು ನೌಕರಿ ಕೇಳೋಕೆ ಹೋಗಿದ್ದೆಯಾ?"

ಮನೋಜ್ ಎದ್ದು ನಿಂತ. ಕಣ್ಣಲ್ಲಿ ನೀರಿತ್ತು. "ಡಾಕ್ಟರ್ ನನಗೆ ಹೇಳಿದ್ದರು, ಚಾನ್ಸ್ ಕಮ್ಮಿ ಅಂತ. ನನಗೊಬ್ಬನಿಗೇ, ಅಕೇಲಾ. ಪಪ್ಪಾ ಹೋದರೆ ಈ ಕ್ವಾರ್ಟರ್ ಹೋಗುತ್ತೆ. ಊರಲ್ಲಿ ನಮಗೆ ಒಂದು ಗೋಡೆನೂ ಇಲ್ಲ. ಇವಳನ್ನ ಎಲ್ಲಿ ಇಟ್ಕೋಬೇಕು? ನಾನು ಮುಂದಿಂದು ಯೋಚನೆ ಮಾಡಬಾರದಾ? ನೀವೆಲ್ಲ ಹೀಗೆ ಯಾಕೆ ನೋಡ್ತಿದ್ದೀರಿ? ಮೈನೇ ಕಿಸೀ ಕೋ ಮಾರಾ ನಹೀಂ ಹೈ. ನಾನು ಯಾರನ್ನೂ ಕೊಂದಿಲ್ಲ."

ಕೊಂದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಗುಂಡಣ್ಣನವರ ಮುಂದಿನ ಪೇಪರಿನ ಮೇಲೆ ಕಡಲೆಕಾಯಿ ಸಿಪ್ಪೆ ಗುಡ್ಡೆಯಾಗಿತ್ತು. ಅದನ್ನೇ ನೋಡುತ್ತಿದ್ದರು. ತಲೆ ಎತ್ತಿದಾಗ ಮುಖದಲ್ಲಿ ರಕ್ತವಿರಲಿಲ್ಲ. ಆಪರೇಷನ್ನಿನ ದಿನ ಕೂಡ ಹಾಗೆ ಕಂಡಿರಲಿಲ್ಲ.

"ಆ ಸೆಕ್ಷನ್ನಿನಲ್ಲಿ ಯಾರ ಹತ್ತಿರ ಮಾತಾಡಿದೆ?" ಎಂದರು.

"ಗೋಪಿನಾಥ್ ಅಂಕಲ್ ಹತ್ತಿರ."

"ಗೋಪಿನಾಥ" ಎಂದು ಅವರು ತಮ್ಮಷ್ಟಕ್ಕೇ ಹೇಳಿಕೊಂಡರು. "ದಿನಾ ನನ್ನ ಪಕ್ಕದಲ್ಲಿ ಕೂತು ಊಟ ಮಾಡ್ತಾನೆ. ವಾಪಸ್ ಡ್ಯೂಟಿಗೆ ಬಂದ ದಿನ ನನ್ನನ್ನು ತಬ್ಬಿಕೊಂಡು ಅತ್ತ. ಯಾಕೆ ಇಷ್ಟು ಅಳ್ತಾನೆ ಅಂದುಕೊಂಡೆ."

ಎದ್ದರು. ಮೊಣಕಾಲಿಗೆ ಕೈಯೂರಿ ಏಳುವಾಗ ಮನೋಜ್ ಅಭ್ಯಾಸದಂತೆ ತೋಳಿಗೆ ಕೈ ಕೊಡಲು ಹೋದ. ಅವರು ತೋಳು ಎಳೆದುಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಅವನ ಕೈ ಅಲ್ಲೇ ಉಳಿಯಿತು. ಬಾಗಿಲ ಹೊರಗೆ ಕೂತು ಶೂ ಹಾಕಿಕೊಂಡು, ಲೇಸು ಕಟ್ಟದೆ ಮೆಟ್ಟಿಲು ಇಳಿದರು.

"ಪಪ್ಪಾ, ಬೀಗದ ಕೈ ನನ್ನ ಹತ್ತಿರ ಇದೆ" ಎಂದು ಮನೋಜ್ ಹಿಂದಿನಿಂದ ಕೂಗಿದ.

ಅವರು ತಮ್ಮ ಮನೆಯ ಬಾಗಿಲಲ್ಲಿ ನಿಲ್ಲದೆ ಕೆಳಗೆ ಇಳಿದು ಹೋದರು.

ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಕೆಳಗೆ ಪಾರ್ಕಿನಲ್ಲಿ ಹೆಂಗಸರು ಬಿಸಿಲಿಗೆ ಬೆನ್ನು ಕೊಟ್ಟು ಮೂಲಂಗಿ ತಿನ್ನುತ್ತಾ ಕೂತಿದ್ದರು. ಅವರಲ್ಲಿ ಒಬ್ಬಳು, ನಮಸ್ತೇ ಭಾಯಿಸಾಬ್ ಎಂದಳು. ಗುಂಡಣ್ಣನವರು ಕೈ ಮುಗಿದು ಮುಂದೆ ನಡೆದರು. ನಾನು ಅವರನ್ನು ಹಿಡಿದದ್ದು ಬಸ್ ಸ್ಟಾಪಿನಲ್ಲಿ.

"ಎಲ್ಲಿಗೆ ಹೊರಟಿರಿ?"

"ಸರೋಜಿನಿ ನಗರಕ್ಕೆ. ಜಗನ್ನಾಥನ ಮನೆಗೆ. ಒಬ್ಬನೇ ಇದ್ದಾನೆ, ಒಂದು ಕೋಣೆ ಖಾಲಿ ಇದೆ. ಬಾ ಬಾ ಅಂತ ಕರೀತಾನೇ ಇರ್ತಾನೆ, ಇಸ್ಪೀಟಿಗೆ."

"ಇಸ್ಪೀಟೂ ಬೇಡ, ಏನೂ ಬೇಡ. ಹೋಗಬೇಕಾದವನು ಅವನು. ಕ್ವಾರ್ಟರ್ ನಿಮ್ಮ ಹೆಸರಲ್ಲಿದೆ. ನಾನು ಈಗಲೇ ಹೋಗಿ ಅವನ ಕಪಾಳಕ್ಕೆ ಎರಡು ಬಿಗಿದು, ಸಾಮಾನು ರಸ್ತೆಗೆ ಹಾಕ್ತೀನಿ. ಸರೆಂಡರ್ ಮಾಡ್ತೀನಿ ಅಂತ ಒಂದು ಅರ್ಜಿ ಕೊಡಿ, ನಾಳೆಯೇ ಬೀದಿಗೆ ಬರ್ತಾನೆ."

"ಚಳಿಗಾಲ ಬಸಣ್ಣ. ಆ ಹುಡುಗಿನೂ ಬೀದಿಗೆ ಬರ್ತಾಳೆ."

ನಾನು ಬಗ್ಗಿ ಅವರ ಶೂ ಲೇಸು ಕಟ್ಟಲು ಹೋದೆ. ಬೇಡ ಬೇಡ ಎಂದರು. ಆದರೂ ಕಟ್ಟಿದೆ. ಬಗ್ಗಿಕೊಂಡೇ ಹೇಳಿದೆ: "ಅವನು ಹೆದರಿದ್ದ ಗುಂಡಣ್ಣನವರೇ. ಹುಡುಗು ಬುದ್ಧಿ. ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ." ನಾನು ಹಾಗೆ ಹೇಳಿದೆನೆಂದು ನನಗೇ ಆಶ್ಚರ್ಯವಾಯಿತು. ಅವರನ್ನು ಹೇಗಾದರೂ ಮನೆಗೆ ತಿರುಗಿಸಬೇಕಿತ್ತು.

"ನನಗೂ ಗೊತ್ತು" ಎಂದರು. "ನಾನು ಸತ್ತಿದ್ದರೆ ಅವನು ಬದುಕಬೇಕಿತ್ತಲ್ಲ. ಆಫೀಸಿನಲ್ಲಿ ಆ ನೌಕರಿ ಅರ್ಜಿನ ನಾನೇ ಎಷ್ಟು ಮಕ್ಕಳಿಗೆ ಬರೆದುಕೊಟ್ಟಿದ್ದೀನಿ. ತಲೆ ಬೋಳಿಸಿಕೊಂಡು ಬಂದು ಎದುರಿಗೆ ಕೂರ್ತಾರೆ. ಪಾಪ ಅನ್ನಿಸುತ್ತೆ. ಆದರೆ ಅವರೆಲ್ಲ ಅಪ್ಪನನ್ನು ಸುಟ್ಟು ಬಂದ ಮೇಲೆ ಬಂದವರು."

ಬಸ್ಸು ಬರುವ ಕಡೆ ನೋಡಿ ಮತ್ತೆ ಕೇಳಿದರು: "ಡಾಕ್ಟರು ಹೊರಗೆ ಬಂದು ಉಳಿದರು ಅಂದಾಗ ನೀನು ಅಲ್ಲೇ ಇದ್ದೆಯಲ್ಲ. ಅವನ ಮುಖ ಹೇಗಿತ್ತು?"

ಅಷ್ಟರಲ್ಲಿ ಮನೋಜ್ ವಾಪಸ್ ಬಂದಿದ್ದ, ಆದರೆ ನಾನು ಅವನ ಮುಖ ನೋಡಿರಲಿಲ್ಲ. ಆಗ ನಾನು ಡಾಕ್ಟರ ಕಾಲಿಗೆ ಬೀಳುತ್ತಿದ್ದೆ. "ಅಳ್ತಿದ್ದ. ಖುಷಿಗೆ" ಎಂದೆ.

ಗುಂಡಣ್ಣನವರು ನನ್ನ ಮುಖವನ್ನೇ ನೋಡಿದರು. ಸುಳ್ಳು ಹೇಳುವಾಗ ನನಗೆ ಕಣ್ಣು ನಿಲ್ಲುವುದಿಲ್ಲ. ಅದು ಅವರಿಗೆ ಗೊತ್ತಿತ್ತು.

"ನೋಡು, ನಿನಗೂ ಗೊತ್ತಿಲ್ಲ" ಎಂದರು. "ಬೆಳಿಗ್ಗೆ ಅವನು ಚಹಾ ತಂದುಕೊಟ್ಟರೆ ನಾನು ಇನ್ನು ಮೇಲೆ ಅದನ್ನೇ ಹುಡುಕ್ತಾ ಕೂರ್ತೀನಿ, ಆವತ್ತು ಈ ಮುಖ ಹೇಗಿತ್ತು ಅಂತ. ಆ ಚಹಾ ನನಗೆ ಇಳಿಯಲ್ಲ. ನನ್ನ ಮುಖ ನೋಡಿ ಅವನಿಗೂ ಅನ್ನ ಇಳಿಯಲ್ಲ."

ಬಸ್ಸು ಬಂತು. ಭಾನುವಾರವಾದ್ದರಿಂದ ಖಾಲಿಯಿತ್ತು. ಕಂಡಕ್ಟರ್ ಬಾಗಿಲಿಗೆ ಕೈಯಲ್ಲಿ ಬಡಿಯುತ್ತಾ, ಚಲೋ ಚಲೋ ಅಂಕಲ್‌ಜೀ ಎಂದ. ಕೈಯಲ್ಲಿ ಚೀಲವಿಲ್ಲ, ಆ ಕಂದು ಸ್ವೆಟರಿನ ಮೇಲೆ ಒಂದು ಶಾಲೂ ಇಲ್ಲ, ಹಾಗೇ ಹತ್ತಿದರು.

"ರಾತ್ರಿ ಊಟಕ್ಕೆ ಬನ್ನಿ" ಎಂದು ಕೂಗಿದೆ. "ಲೀಲಾವತಿ ಚಪಾತಿ ಮಾಡ್ತಾಳೆ. ನಮ್ಮ ಮನೆಗೇ ಬನ್ನಿ, ಕೆಳಗೆ ಹೋಗೋದು ಬೇಡ."

ಅವರು ಕಿಟಕಿಯಿಂದ ಕೈ ಎತ್ತಿದರು. ಬರುತ್ತೇನೆಂದೋ, ಸಾಕೆಂದೋ ತಿಳಿಯಲಿಲ್ಲ.

ಮರುದಿನ ಮನೋಜ್ ಮಾತ್ರೆ, ಬಟ್ಟೆ ಎಲ್ಲ ತುಂಬಿಕೊಂಡು ಸರೋಜಿನಿ ನಗರಕ್ಕೆ ಹೋಗಿದ್ದ. ಗುಂಡಣ್ಣನವರು ಬಾಗಿಲಲ್ಲೇ ಚೀಲ ತೆಗೆದುಕೊಂಡು, ಧನ್ಯಾ ಊಟ ಮಾಡಿದಳಾ ಎಂದು ಕೇಳಿ, ಇವನು ಹೂಂ ಎಂದ ಮೇಲೆ ಒಳಗೆ ಹೋದರಂತೆ. ಜೂನ್‌ವರೆಗೆ ಅಲ್ಲಿಂದಲೇ ಆಫೀಸಿಗೆ ಹೋಗಿ ಬಂದರು. ಆರ್.ಕೆ.ಪುರಂನ ಆ ಮನೆಯ ಬಾಗಿಲನ್ನಾಗಲಿ, ನಮ್ಮ ಮನೆಯ ಬಾಗಿಲನ್ನಾಗಲಿ ಅವರು ಮತ್ತೆ ತುಳಿಯಲಿಲ್ಲ.